ಮಾಡೆಲ್‌ಗೆ ನೀರು ಹಾಯಿಸಿದ ಮೇಲೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಡಬ್ಲ್ಯುಆರ್‌ಎಫ್ ಎಂಬ ಹವಾಮಾನದ ಕಂಪ್ಯೂಟರ್ ಮಾಡೆಲ್‌ನಲ್ಲಿ ಒಂದು ಬೇಸಾಯದ ಪ್ರದೇಶದ ಬೇಸಿಗೆಯನ್ನು ರನ್ ಮಾಡುತ್ತಿದ್ದೇನೆ. ನೀರಾವರಿ ಇಲ್ಲದಾಗ ಮಧ್ಯಾಹ್ನದ ಉಷ್ಣತೆ ಅಳತೆಗಿಂತ ಜಾಸ್ತಿ ಬರುತ್ತಿತ್ತು. ನೀರಾವರಿ ಸೇರಿಸಿದೆ, ಈಗ ಉಲ್ಟಾ, ತೀರಾ ತಣ್ಣಗಾಗಿದೆ. ಯಾವುದನ್ನು ನಂಬಲಿ?

ಉತ್ತರ: ಸದ್ಯಕ್ಕೆ ಎರಡನ್ನೂ ನಂಬಬೇಡಿ. ಮೊದಲು ಎಷ್ಟು ನೀರು ಸುರಿದಿದ್ದೀರಿ ಅಂತ ಲೆಕ್ಕ ಹಾಕಿ. ದಿನಕ್ಕೆ 1 ಮಿ.ಮೀ. ನೀರು ಆವಿಯಾಗಬೇಕಾದರೆ ಪ್ರತಿ ಚದರ ಮೀಟರಿಗೆ ದಿನದ ಸರಾಸರಿ ಸುಮಾರು 28 ವ್ಯಾಟ್ ಶಕ್ತಿ ಬೇಕು. 5 ಮಿ.ಮೀ. ಅಂದರೆ 140 ವ್ಯಾಟ್. ಗಾಳಿಯನ್ನು ಬಿಸಿ ಮಾಡಬೇಕಿದ್ದ ಶಕ್ತಿ ನೀರನ್ನು ಆವಿ ಮಾಡಲು ಹೋಗುತ್ತದೆ, ಹಾಗಾಗಿ ನೀರಿನ ಲೆಕ್ಕ ಸ್ವಲ್ಪ ತಪ್ಪಿದರೂ ಉಷ್ಣತೆ ಡಿಗ್ರಿಗಟ್ಟಲೆ ಇಳಿದುಬಿಡುತ್ತದೆ.

ಸಾಮಾನ್ಯವಾಗಿ ಎಡವಟ್ಟಾಗುವುದು ಗ್ರಿಡ್ ಚೌಕದ, ಅಂದರೆ ಮಾಡೆಲ್ ನೆಲವನ್ನು ಹಂಚಿಕೊಳ್ಳುವ ಚೌಕಗಳ, ಲೆಕ್ಕದಲ್ಲಿ. ಒಂದು ಚೌಕದಲ್ಲಿ ಶೇ. 40ರಷ್ಟು ಜಾಗ ಮಾತ್ರ ನೀರಾವರಿ ಅಂದುಕೊಳ್ಳಿ. ಅಲ್ಲಿಗೆ 5 ಮಿ.ಮೀ. ಕೊಟ್ಟರೆ ಇಡೀ ಚೌಕಕ್ಕೆ ಸಿಗುವುದು 2 ಮಿ.ಮೀ. ಭೂಬಳಕೆಯ ನಕ್ಷೆಯಲ್ಲಿ 'ಬೆಳೆ ಭೂಮಿ' ಎಂದಿರುವ ಕಡೆಯೆಲ್ಲ ಸುಮ್ನೆ 5 ಮಿ.ಮೀ. ಹಾಕಿದರೆ ಮಳೆಯನ್ನೇ ನಂಬಿದ ಹೊಲಗಳೂ ನೆನೆದು ಹೋಗುತ್ತವೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ನೀರಾವರಿ ಪ್ರದೇಶಗಳ ಜಾಗತಿಕ ನಕ್ಷೆ ಕೊಡುತ್ತದೆ, ಅದರಲ್ಲಿ ಪ್ರತಿ ಚೌಕದ ಶೇಕಡಾವಾರು ಇದೆ. ಅದನ್ನು ಬಳಸಿ. ಮಣ್ಣಿನ ತೇವವನ್ನು ಯಾವಾಗಲೂ ತುಂಬಿಯೇ ಇಡುವ ಹಳೇ ದಾರಿಯನ್ನಂತೂ ಬಿಟ್ಟುಬಿಡಿ. ಯಾವ ರೈತನೂ ಹಾಗೆ ನೀರು ಕಟ್ಟುವುದಿಲ್ಲ, ಅಲ್ವಾ?

ಇನ್ನೊಂದು ಗಡಿಯಾರದ ವಿಷಯ. ಮಾಡೆಲ್‌ನ ಸಮಯ ಯುಟಿಸಿ, ಅಂದರೆ ಸೊನ್ನೆ ಡಿಗ್ರಿ ರೇಖಾಂಶದ ಜಾಗತಿಕ ಸಮಯ. ನಿಮ್ಮ ಜಾಗ 90 ಡಿಗ್ರಿ ಪೂರ್ವ ರೇಖಾಂಶದಲ್ಲಿದ್ದರೆ, ಬೆಳಗಿನ ಜಾವ ಅಂದುಕೊಂಡು ನೀರು ಬಿಡಲು ಶುರುವಾಗುವ ಗಂಟೆಗೆ 6 ಅಂತ ಬರೆದರೆ ಅಲ್ಲಿ ಸೂರ್ಯ ನೆತ್ತಿಯ ಮೇಲಿರುತ್ತಾನೆ. ಮಧ್ಯಾಹ್ನ ಹೀಗೆ ತಂಪಾಗುವುದಕ್ಕೆ ಇದೊಂದೇ ಕಾರಣ ಇದ್ದರೂ ಇರಬಹುದು.

ನೀರನ್ನು ಎಲ್ಲಿ ಬಿಡುತ್ತೀರಿ ಅನ್ನುವುದೂ ಮುಖ್ಯ. ಡಬ್ಲ್ಯುಆರ್‌ಎಫ್‌ನ ನೀರಾವರಿ ಸ್ಕೀಮ್‌ನಲ್ಲಿ (ನೀರಿನ ಲೆಕ್ಕ ಮಾಡುವ ಭಾಗ) ಮೂರು ದಾರಿಗಳಿವೆ. ನೇರ ಮಣ್ಣಿಗೆ ಬಿಡುವುದು ಒಂದು, ಎಲೆಗಳ ಮೇಲೆ ನಿಲ್ಲುವ ನೀರನ್ನೂ ಲೆಕ್ಕಕ್ಕೆ ಹಿಡಿಯುವುದು ಇನ್ನೊಂದು. ಮೂರನೆಯದರಲ್ಲಿ ನೆಲದ ಮೇಲಿನ ಮೊದಲ ಗಾಳಿಯ ಪದರಕ್ಕೇ ಮಳೆಹನಿಯಂತೆ ನೀರು ಸೇರುತ್ತದೆ, ಬೀಳುವ ಹನಿ ದಾರಿಯಲ್ಲೇ ಸ್ವಲ್ಪ ಆವಿಯಾಗುತ್ತದೆ. ಇದನ್ನು ಮೊದಲು ಇಟಲಿಯ ಪೋ ಬಯಲಿನ ಮೇಲೆ ಪರೀಕ್ಷಿಸಿದರು. ಡಬ್ಲ್ಯುಆರ್‌ಎಫ್ ಜೊತೆ ಬಳಸುವ ನೋವಾ-ಎಂಪಿ ಎಂಬ ಮಣ್ಣು-ಸಸ್ಯಗಳ ಮಾಡೆಲ್‌ನ ಸ್ಕೀಮ್ ಬೇರೆ ಥರ: ಬೇರಿನ ಆಳದಲ್ಲಿ ತೇವ ಒಂದು ಮಿತಿಗಿಂತ ಇಳಿದಾಗ ಮಾತ್ರ ನೀರು ಬಿಡುತ್ತದೆ. ನಿಮ್ಮ ಹತ್ತಿರ ನೀರು ಬಿಟ್ಟ ದಿನಗಳ ದಾಖಲೆ ಇಲ್ಲದಿದ್ದರೆ ನಾನಂತೂ ಇದನ್ನೇ ಆರಿಸುತ್ತೇನೆ.

ಕೊನೆಗೆ ಒಂದು ಒಳಗುಟ್ಟು. ಶುರುವಿಗೆ ಇಆರ್‌ಎ5ರಿಂದ (ಅಳತೆ, ಮಾಡೆಲ್ ಎರಡನ್ನೂ ಬೆರೆಸಿ ಕಟ್ಟಿದ ಹಿಂದಿನ ಹವಾಮಾನದ ದತ್ತಾಂಶ) ಮಣ್ಣಿನ ತೇವ ತಗೊಂಡಿದ್ದೀರಾ? ಅದು ಕೇಂದ್ರಗಳಲ್ಲಿ ಅಳೆದ ಉಷ್ಣತೆ, ಆರ್ದ್ರತೆ ನೋಡಿಕೊಂಡು ಮಣ್ಣಿನ ತೇವವನ್ನು ತಿದ್ದಿಕೊಳ್ಳುತ್ತದೆ. ಅಂದರೆ ಹೊಲಕ್ಕೆ ಬಿಟ್ಟ ನೀರು ಅಡ್ಡದಾರಿಯಲ್ಲಿ ಆಗಲೇ ಅದರೊಳಗೆ ಸೇರಿರಬಹುದು. ಅದರ ಮೇಲೆ ನೀವು ಮತ್ತೆ ನೀರು ಹಾಯಿಸಿದರೆ ಎರಡು ಸಲ ಲೆಕ್ಕವಾಗುತ್ತದೆ. ಅಳತೆಗೆ ಹೋಲಿಸುವ ಮುಂಚೆ ಮಣ್ಣು ತನ್ನ ಪಾಡಿಗೆ ಹದಕ್ಕೆ ಬರಲು ಮಾಡೆಲ್‌ಗೆ ಸಾಕಷ್ಟು ಕಾಲ ಕೊಡಿ.

ಪ್ರಶ್ನೆ: ನೀರಾವರಿ ಸೇರಿಸಿದ ರನ್‌ನಲ್ಲಿ ಮಳೆಯೂ ಜಾಸ್ತಿ ಬಂತು. ನೀರಾವರಿಯಿಂದ ಮಳೆ ಹೆಚ್ಚುತ್ತದೆ ಅಂತ ಬರೆಯಬಹುದೇ?

ಉತ್ತರ: ಒಂದೇ ರನ್ ನೋಡಿ? ಬೇಡ. ಗುಡುಗು ಮಳೆ ಶುರುವಿನ ಸಣ್ಣ ವ್ಯತ್ಯಾಸಕ್ಕೂ ಜಾಗ ಬದಲಿಸುತ್ತದೆ. ಶುರುವಿನ ಸಮಯ ಹಿಂದೆ ಮುಂದೆ ಮಾಡಿ ಹಲವು ರನ್ ತೆಗೆಯಿರಿ, ಎಲ್ಲದರಲ್ಲೂ ಮಳೆ ಒಂದೇ ಕಡೆಗೆ ವಾಲಿದರೆ ಆಮೇಲೆ ಮಾತಾಡೋಣ. ಭೌತಶಾಸ್ತ್ರವೂ ಎರಡು ಕಡೆ ಎಳೆಯುತ್ತದೆ. ತೇವ ಹೆಚ್ಚಿದರೆ ಮೋಡಕ್ಕೆ ಬೇಕಾದ ಸರಕು ಸಿಗುತ್ತದೆ, ಆದರೆ ನೆಲ ತಂಪಾದರೆ ಗಾಳಿ ಮೇಲೇಳುವ ಬಲವೇ ಕುಗ್ಗುತ್ತದೆ. ಹೀಗಾಗಿ ನೀರು ಹಾಯಿಸಿದ ಜಾಗದಲ್ಲೇ ಕಡಿಮೆಯಾಗಿ, ಗಾಳಿ ಹೋಗುವ ದಿಕ್ಕಿನಲ್ಲಿ ದೂರದಲ್ಲೆಲ್ಲೋ ಹೆಚ್ಚಾಗಲೂಬಹುದು. ಈ ತಗಾದೆಗೆ ಅಳತೆಗಳು ಬೇಕೆಂದೇ 2018ರಲ್ಲಿ ಅಮೆರಿಕದ ನೆಬ್ರಾಸ್ಕಾದಲ್ಲಿ, 2021ರಲ್ಲಿ ಸ್ಪೇನಿನ ಎಬ್ರೋ ಕಣಿವೆಯಲ್ಲಿ ನೀರಾವರಿ ಹೊಲ, ಒಣ ಹೊಲ ಎರಡರ ಮೇಲಿನ ಗಾಳಿಯನ್ನೂ ಅಳೆದರು.

ಪ್ರಶ್ನೆ: ನೀರಾವರಿಯಿಂದ ಬಿಸಿ ಕಡಿಮೆಯಾಗುತ್ತದೆ ಅಂದರೆ ಜನರಿಗೆ ಒಳ್ಳೆಯದೇ ಅಲ್ವಾ?

ಉತ್ತರ: ಥರ್ಮಾಮೀಟರ್‌ಗೆ ಒಳ್ಳೆಯದು. ಮೈಗೆ ಹಾಗೇನಿಲ್ಲ. ಗಾಳಿಯಲ್ಲಿ ತೇವ ಹೆಚ್ಚಿದರೆ ಬೆವರು ಆರುವುದಿಲ್ಲ. ನೆಲ ತಂಪಾಗಿ ಗಾಳಿಯ ಕೆಳಪದರ ತೆಳುವಾಗುವುದರಿಂದ ತೇವ ಅಲ್ಲೇ ಕೆಳಗೇ ಉಳಿದು ಸೆಕೆ ಇನ್ನೂ ಏರುತ್ತದೆ. ಗಂಗಾ ಬಯಲು, ಉತ್ತರ ಚೀನಾ ಬಯಲುಗಳ ಬಗ್ಗೆ ಮಾಡೆಲ್ ಅಧ್ಯಯನಗಳು ಇದನ್ನೇ ಎಚ್ಚರಿಸಿವೆ. ಆದ್ದರಿಂದ ಮಾಡೆಲ್ ಮಾಡುವವರು ಟಿ2 (ನೆಲದಿಂದ 2 ಮೀಟರ್ ಎತ್ತರದ ಉಷ್ಣತೆ) ಒಂದನ್ನೇ ನಕ್ಷೆ ಹಾಕಿ 'ತಂಪಾಯಿತು' ಅನ್ನಬಾರದು, ಕ್ಯೂ2 (ಅದೇ ಎತ್ತರದ ಗಾಳಿಯ ತೇವ) ಮತ್ತು ಗಾಳಿಯ ಒತ್ತಡವನ್ನೂ ಸೇರಿಸಿ ಗಂಟೆಗಂಟೆಗೆ ವೆಟ್ ಬಲ್ಬ್ ಉಷ್ಣತೆ, ಅಂದರೆ ಬಿಸಿ, ತೇವ ಎರಡನ್ನೂ ಹಿಡಿಯುವ ಉಷ್ಣತೆ, ಲೆಕ್ಕ ಹಾಕಬೇಕು. ದಿನದ ಗರಿಷ್ಠ ಉಷ್ಣತೆಗೆ ಅದೇ ದಿನದ ಗರಿಷ್ಠ ಆರ್ದ್ರತೆ ಜೋಡಿಸುವವರೂ ಇದ್ದಾರೆ. ಒಂದು ಮಧ್ಯಾಹ್ನದ್ದು, ಇನ್ನೊಂದು ಸಾಮಾನ್ಯವಾಗಿ ನಸುಕಿನದ್ದು. ಹಾಗೆ ಬಂದ ಸಂಖ್ಯೆ ಯಾವ ಗಂಟೆಯದ್ದೂ ಅಲ್ಲ.