ಮಣ್ಣು, ಗರಸು, ಬಂಡೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಹೊಲದಲ್ಲಿರುವ ಬತ್ತಿದ ಬಾವಿಯ ಗೋಡೆಯಲ್ಲಿ ಮೇಲೆ ಕೆಂಪು ಮಣ್ಣು, ಅದರ ಕೆಳಗೆ ಗರಸು, ಆಮೇಲೆ ಕೈಯಿಂದ ಒತ್ತಿದರೆ ಪುಡಿಯಾಗುವ ಕಲ್ಲು, ತಳದಲ್ಲಿ ಬೂದುಬಣ್ಣದ ಗಟ್ಟಿ ಬಂಡೆ ಕಾಣುತ್ತದೆ. ಇವು ಬೇರೆ ಬೇರೆ ಕಾಲದಲ್ಲಿ ಒಂದರ ಮೇಲೊಂದು ಬಂದು ಕೂತ ಪದರಗಳೇ? ಬೂದು ಬಂಡೆಯ ಮೇಲೆ ಕೆಂಪು ಮಣ್ಣು ಎಲ್ಲಿಂದ ಬಂತು?
– ರೈತರೊಬ್ಬರು, ಚಿಂತಾಮಣಿ ತಾಲ್ಲೂಕು

ಉತ್ತರ: ತಾವು ವಿವರಿಸಿರುವ ನಾಲ್ಕೂ ಒಂದೇ ಬಂಡೆಯ ಬೇರೆ ಬೇರೆ ಅವಸ್ಥೆಗಳು, ಅವುಗಳಲ್ಲಿ ಹೊರಗಿನಿಂದ ಬಂದು ಕೂತದ್ದು ಬಹಳ ಕಡಿಮೆ. ಚಿಂತಾಮಣಿಯ ಸುತ್ತ ಹೆಚ್ಚಾಗಿ ಇರುವುದು ಗ್ರಾನೈಟ್ ಮತ್ತು ಅದನ್ನೇ ಹೋಲುವ, ಪಟ್ಟೆಪಟ್ಟೆಯಾಗಿ ಕಾಣುವ ನೀಸ್ ಶಿಲೆ. ಎರಡರಲ್ಲೂ ಮುಖ್ಯವಾಗಿ ಫೆಲ್ಡ್‌ಸ್ಪಾರ್ ಮತ್ತು ಬೆಣಚು ಇರುತ್ತವೆ, ಜೊತೆಗೆ ಕಾಗೆ ಬಂಗಾರವೆಂದು ನಾವು ಕರೆಯುವ ಅಭ್ರಕವೂ, ಅದರಲ್ಲೂ ಕಪ್ಪು ಬಗೆಯದು, ಸ್ವಲ್ಪ ಇರುತ್ತದೆ. ಗಾಳಿಯಿಂದಲೂ ಬೇರುಗಳ ಉಸಿರಾಟದಿಂದಲೂ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡ ಮಳೆನೀರು ತುಸು ಆಮ್ಲೀಯವಾಗಿ ಬಂಡೆಯ ಬಿರುಕುಗಳಿಗೆ ಇಳಿದಾಗ, ಫೆಲ್ಡ್‌ಸ್ಪಾರ್‌ನಲ್ಲಿರುವ ಪೊಟ್ಯಾಸಿಯಂ, ಸೋಡಿಯಂ ಮತ್ತು ಕ್ಯಾಲ್ಸಿಯಂ ನಿಧಾನವಾಗಿ ಕರಗಿ ಹೋಗಿ, ಉಳಿದ ಭಾಗ ಬಿಳಿಯ ಜೇಡಿಯಾಗಿ ಮಾರ್ಪಡುತ್ತದೆ. ಕಪ್ಪು ಅಭ್ರಕದೊಳಗಿನ ಕಬ್ಬಿಣ ನೀರು ಮತ್ತು ಗಾಳಿ ಸೋಕಿ ತುಕ್ಕು ಹಿಡಿಯುತ್ತದೆ; ಈ ತುಕ್ಕು ಜೇಡಿಯ ಕಣಗಳಿಗೆ ತೆಳ್ಳಗೆ ಲೇಪವಾಗುವುದೇ ಮಣ್ಣಿನ ಕೆಂಪಿಗೆ ಕಾರಣ. ಬಂಡೆಯಲ್ಲಿ ಕಬ್ಬಿಣ ಕೇವಲ ಕೆಲವು ಪಾಲು ಇದ್ದರೂ ಇಡೀ ಹೊಲಕ್ಕೆ ಬಣ್ಣ ಕೊಡಲು ಅದು ಸಾಕು. ಬೆಣಚು ಮಾತ್ರ ಹೆಚ್ಚುಕಡಿಮೆ ಹಾಗೆಯೇ ಉಳಿದು ಮರಳಾಗುತ್ತದೆ.

ಇದನ್ನು ತಾವೇ ಪರೀಕ್ಷಿಸಬಹುದು. ಗೋಡೆಯಲ್ಲಿ ಬೆಣಚಿನ ಬಿಳಿ ಎಳೆಯೊಂದು ಕಂಡರೆ ಅದನ್ನು ಕೆಳಗಿನಿಂದ ಮೇಲಕ್ಕೆ ಗಮನಿಸಿ: ಗಟ್ಟಿ ಬಂಡೆಯಲ್ಲಿ ಹೊರಟ ಎಳೆ ಪುಡಿಕಲ್ಲನ್ನು ದಾಟಿ ಗರಸಿನೊಳಕ್ಕೂ ಹಾಗೆಯೇ ಮುಂದುವರಿದಿದ್ದರೆ, ಆ ಪುಡಿಕಲ್ಲು ಮತ್ತು ಗರಸು ಅಲ್ಲೇ ಹುಟ್ಟಿದವು ಎನ್ನುವುದರಲ್ಲಿ ಅನುಮಾನವಿಲ್ಲ. ಗರಸಿನ ಹರಳುಗಳು ಮೂಲೆಮೂಲೆಯಾಗಿ ಚೂಪಾಗಿರುವುದೂ ಅದೇ ಮಾತನ್ನು ಹೇಳುತ್ತದೆ, ಏಕೆಂದರೆ ನೀರಿನಲ್ಲಿ ದೂರ ಉರುಳಿ ಬಂದ ಕಲ್ಲು ಸವೆದು ನುಣುಪಾಗಿರುತ್ತದೆ. ಹಳ್ಳದ ದಡದಲ್ಲಿ ಅಥವಾ ಕೆರೆಯ ಕೆಳಗಿನ ಗದ್ದೆಯಲ್ಲಿ ಬಾವಿ ತೋಡಿದ್ದರೆ ಉತ್ತರ ಬೇರೆಯಾಗುತ್ತಿತ್ತು. ಅಲ್ಲಿ ನಿಜವಾಗಿಯೂ ಹರಿದು ಬಂದು ಪದರಗಟ್ಟಿದ ಮೆಕ್ಕಲು ಮಣ್ಣು ಸಿಗುತ್ತದೆ.

ಮಣ್ಣಿನೊಳಗೆ ಗುಂಡುಬಂಡೆಗಳು ಸಿಕ್ಕಿದ್ದರೆ ಅವೂ ಅಲ್ಲಿನವೇ. ಅಡ್ಡಡ್ಡ ಮತ್ತು ಉದ್ದುದ್ದ ಬಿರುಕುಗಳು ಬಂಡೆಯನ್ನು ಚೌಕಚೌಕವಾಗಿ ವಿಭಾಗಿಸಿರುತ್ತವೆ. ಪ್ರತಿ ಚೌಕದ ಮೂಲೆಗೆ ಮೂರು ಕಡೆಯಿಂದ ನೀರು ತಗಲುವುದರಿಂದ ಮೂಲೆಗಳು ಮೊದಲು ಕರಗಿ, ಒಳಗಿನ ಗಟ್ಟಿ ಭಾಗ ದುಂಡಗೆ ಉಳಿಯುತ್ತದೆ. ಕೋಲಾರದ ಅಂತರಗಂಗೆ ಬೆಟ್ಟದಲ್ಲಿ ಒಂದರ ಮೇಲೊಂದು ಪೇರಿಸಿಟ್ಟಂತೆ ನಿಂತಿರುವ ಗುಂಡುಗಳು ಹೀಗೆ ರೂಪುಗೊಂಡು, ಸುತ್ತಲಿನ ಸಡಿಲ ಭಾಗ ಕೊಚ್ಚಿಹೋದ ಮೇಲೆ ಹೊರಗೆ ಕಂಡಂಥವು.

ಪ್ರಶ್ನೆ: ಮಧುಗಿರಿ ಬೆಟ್ಟಕ್ಕೆ 250 ಕೋಟಿ ವರ್ಷವೆಂದು ಓದಿದೆ. ಅಷ್ಟು ಹಳೆಯ ಕಾಲವನ್ನು ಅಳೆಯುವುದು ಹೇಗೆ? ಅಷ್ಟು ಹಳೆಯ ಕಲ್ಲಿನಲ್ಲಿ ಪಳೆಯುಳಿಕೆಗಳು ಏಕೆ ಸಿಗುವುದಿಲ್ಲ?
– ಪದವಿ ವಿದ್ಯಾರ್ಥಿನಿ, ಮಧುಗಿರಿ

ಉತ್ತರ: ಆ ವಯಸ್ಸು ಬೆಟ್ಟದ ಆಕಾರದ್ದಲ್ಲ, ಕಲ್ಲಿನದ್ದು. ರಾಮನಗರದ ಹಳೆಯ ಹೆಸರನ್ನು ಹೊತ್ತ ಕ್ಲೋಸ್‌ಪೇಟೆ ಗ್ರಾನೈಟ್ ದಕ್ಷಿಣೋತ್ತರವಾಗಿ ಸುಮಾರು 400 ಕಿಲೋಮೀಟರ್ ಚಾಚಿಕೊಂಡಿದ್ದು, ತುಮಕೂರು ಜಿಲ್ಲೆಯ ಪೂರ್ವ ಭಾಗವನ್ನು ಹಾದುಹೋಗುತ್ತದೆ; ಮಧುಗಿರಿ ಬೆಟ್ಟ ಅದರದ್ದೇ ಭಾಗ. ಈ ಗ್ರಾನೈಟ್ ಭೂಮಿಯ ಆಳದಲ್ಲಿ ಶಿಲಾಪಾಕವಾಗಿದ್ದು, ಅಂದರೆ ಕರಗಿದ ಕಲ್ಲಾಗಿದ್ದು, ತಣಿದು ಗಟ್ಟಿಯಾದಾಗ ಜಿರ್ಕಾನ್ ಎಂಬ ಅತಿ ಸಣ್ಣ ಹರಳುಗಳು ಅದರೊಳಗೆ ರೂಪುಗೊಂಡವು. ಈ ಹರಳು ಹುಟ್ಟುವಾಗ ಯುರೇನಿಯಂ ಅನ್ನು ಒಳಗೆ ಸೇರಿಸಿಕೊಳ್ಳುತ್ತದೆ, ಸೀಸವನ್ನು ಬಹುತೇಕ ಹೊರಗೇ ಇಡುತ್ತದೆ. ಯುರೇನಿಯಂ-238 ಎಂಬುದು 447 ಕೋಟಿ ವರ್ಷಗಳಲ್ಲಿ ಅರ್ಧದಷ್ಟು ಸೀಸವಾಗಿ ಬದಲಾಗುವ ಮೂಲವಸ್ತು; ಹಾಗಾಗಿ ಇಂದು ಹರಳಿನೊಳಗಿರುವ ಸೀಸವನ್ನೂ ಉಳಿದ ಯುರೇನಿಯಂ ಅನ್ನೂ ಅಳೆದರೆ ಹರಳಿನ ವಯಸ್ಸು ಲೆಕ್ಕಕ್ಕೆ ಸಿಗುತ್ತದೆ. ಕಾಲಮಾಪನದ ಇಷ್ಟು ನೆಚ್ಚಬಹುದಾದ ಸಾಧನ ಇಂಥ ಪುಟ್ಟ ಹರಳಿನಲ್ಲಿ ಇರುವುದು ನನಗೆ ಇಂದಿಗೂ ವಿಸ್ಮಯದ ಸಂಗತಿ.

ಇನ್ನು ಪಳೆಯುಳಿಕೆಗಳ ವಿಚಾರ. ಶಿಲಾಪಾಕದಿಂದ ಹುಟ್ಟಿದ ಕಲ್ಲಿನಲ್ಲಿ ಜೀವಿಯ ಗುರುತು ಉಳಿಯಲು ಅವಕಾಶವಿಲ್ಲ. ಚಿಪ್ಪು, ಮೂಳೆಗಳಂಥ ಗಟ್ಟಿ ಭಾಗವುಳ್ಳ ಪ್ರಾಣಿಗಳು ಹೇರಳವಾಗಿ ಕಾಣಿಸಿಕೊಂಡದ್ದೂ ಸುಮಾರು 54 ಕೋಟಿ ವರ್ಷಗಳಿಂದ ಈಚೆಗೆ ಮಾತ್ರ. ಮಧುಗಿರಿಯ ಬೃಹತ್ ಬಂಡೆ ಬೋಳಾಗಿ ತಲೆಯೆತ್ತಿ ನಿಂತದ್ದು, ಅದರ ಮೇಲಿದ್ದ ಕಿಲೋಮೀಟರ್‌ಗಟ್ಟಲೆ ದಪ್ಪದ ಶಿಲೆ ಸವೆದು ಹೋದ ಬಹಳ ಕಾಲದ ನಂತರ. ಮೇಲಿನ ಭಾರ ಇಳಿದಾಗ ಬಂಡೆ ಹಿಗ್ಗಿ, ಮೇಲ್ಮೈಗೆ ಸಮಾನಾಂತರವಾಗಿ ಬಿರುಕು ಬಿಡುವುದರಿಂದಲೇ ಅದರ ಮೈಯಿಂದ ಚಕ್ಕೆಗಳು ಏಳುತ್ತವೆ.

ಪ್ರಶ್ನೆ: ಕೆರೆಯ ಗೋಡನ್ನು ಹೊಲಕ್ಕೆ ಹೊಡೆಸುವುದು ಒಳ್ಳೆಯದೇ? ಅದೇ ಕೆರೆಯಲ್ಲಿ ಮಣ್ಣು ತೊಳೆದು ಫಿಲ್ಟರ್ ಮರಳು ತೆಗೆಯುವುದರಿಂದ ಏನು ನಷ್ಟ?
– ಓದುಗರೊಬ್ಬರು, ಮುಳಬಾಗಿಲು

ಉತ್ತರ: ಗೋಡು ಎಂದರೆ ಸುತ್ತಲಿನ ಹೊಲಗಳಿಂದ ಮಳೆ ಕೊಚ್ಚಿ ತಂದ ಮೇಲ್ಮಣ್ಣೇ. ಹಳ್ಳ ಕೆರೆಗೆ ಸೇರುವಲ್ಲಿ ನೀರಿನ ವೇಗ ಥಟ್ಟನೆ ತಗ್ಗಿ ಮರಳು ಮೊದಲು ಇಳಿಯುತ್ತದೆ, ನುಣ್ಣನೆಯ ಜೇಡಿ ಮತ್ತು ಕೊಳೆತ ಎಲೆಕಸ ಮುಂದೆ ಸಾಗಿ ಏರಿಯ ಹತ್ತಿರ ನಿಂತ ನೀರಿನಲ್ಲಿ ತಂಗುತ್ತವೆ. ಆದ್ದರಿಂದ ತೇವ ಹಿಡಿಯದ ಗರಸು ಹೊಲಕ್ಕೆ ಏರಿಯ ಕಡೆಯ ಗೋಡು ಉಪಯುಕ್ತ. ಹಳ್ಳದ ಬಾಯಿಯ ಮಣ್ಣಿಗೆ ಸಾಗಣೆಯ ಖರ್ಚು ದಂಡ. ಚೌಳು ಇರುವ ಕಡೆ ಮೊದಲು ಉಪ್ಪಿನಂಶವನ್ನು ಮಣ್ಣು ಪರೀಕ್ಷಾ ಕೇಂದ್ರದಲ್ಲಿ ನೋಡಿಸಿ.

ಫಿಲ್ಟರ್ ಮರಳಿನ ದಂಧೆಯನ್ನು ನಾನು ಒಪ್ಪುವುದಿಲ್ಲ. ಬಂಡೆಯೊಂದು ಒಂದು ಅಂಗುಲ ಮಣ್ಣಾಗಲು ನಮ್ಮ ಒಣ ಸೀಮೆಯಲ್ಲಿ ನೂರಾರು ವರ್ಷಗಳೇ ಬೇಕು. ಆ ಮಣ್ಣನ್ನು ತೊಳೆದು ಮರಳನ್ನಷ್ಟೇ ಲಾರಿಗೆ ತುಂಬಿದಾಗ, ಬೆಳೆಗೆ ಪೋಷಕಾಂಶ ಹಿಡಿದಿಡುವ ಜೇಡಿಯೆಲ್ಲ ಕೆಸರು ನೀರಾಗಿ ಹರಿದು ಹಳ್ಳದ ಮರಳಿನ ಸಂದುಗಳನ್ನು ಮುಚ್ಚುತ್ತದೆ, ಮಳೆನೀರು ಇಂಗುವ ದಾರಿಯೂ ಅಷ್ಟರಮಟ್ಟಿಗೆ ಕಟ್ಟಿಕೊಳ್ಳುತ್ತದೆ.