ಸಿಂಧೂ ಲಿಪಿ ಓದಿದ್ದೇನೆ ಅಂತ ಇನ್ನೊಂದು ಪತ್ರ

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧ ಹಳೆಯವೇ. ಕೇಳುವವರ ಊರು ಬೇರೆ, ಹೆಸರು ಬೇರೆ, ಪ್ರಶ್ನೆ ಅದೇ. ಸಣ್ಣವನ್ನು ಮೊದಲು ಮುಗಿಸಿಬಿಡುತ್ತೇನೆ.

ಪ್ರಶ್ನೆ: ಕಲಬುರಗಿ ಕೋಟೆಯಿಂದ ಬೀದರ್ ಕೋಟೆಗೆ ಸುರಂಗ ಇದೆಯಂತೆ, ಹೌದಾ?

ಇಲ್ಲ. ನೂರು ಕಿಲೋಮೀಟರಿಗೂ ಜಾಸ್ತಿ ದಾರಿ ಅದು. ಅಗೆದ ಮಣ್ಣನ್ನು ಎಲ್ಲಿ ಸುರಿದರು? ಒಳಗೆ ಗಾಳಿ ಎಲ್ಲಿಂದ ಬಂತು? ನೆಲದಡಿಯ ಅಚ್ಚರಿ ನೋಡಬೇಕಿದ್ದರೆ ಬೀದರಿನ ನೌಬಾದ್‌ಗೆ ಹೋಗಿ ಕರೇಜ್ ನೋಡಿ. ಬಹಮನಿ ಕಾಲದವರು ನೀರಿಗಾಗಿ ಕೊರೆದ ಕಾಲುವೆ. ಸಾಲಾಗಿ ಬಾವಿಯಂಥ ಕಂಡಿಗಳನ್ನು ಬಿಟ್ಟಿದ್ದಾರೆ. ನಿಜವಾದ ಸುರಂಗ ಇಂಥ ಗುರುತು ಬಿಟ್ಟೇ ಇರುತ್ತದೆ.

ಪ್ರಶ್ನೆ: ಶಹಾಪುರದ ಮಲಗಿದ ಬುದ್ಧನನ್ನು ಕೆತ್ತಿದವರು ಯಾರು?

ಯಾರೂ ಅಲ್ಲ. ಗುಡ್ಡಗಳ ಸಾಲು ಒಂದು ಕಡೆಯಿಂದ ಹಾಗೆ ಕಾಣುತ್ತದೆ. ಹತ್ತಿರ ಹೋದರೆ ಬುದ್ಧ ಇಲ್ಲ, ಬರೀ ಬಂಡೆ.

ಪ್ರಶ್ನೆ: ಬರ್ಮುಡಾ ತ್ರಿಕೋನದ ರಹಸ್ಯ ಏನು?

1945ರ ಡಿಸೆಂಬರ್ 5ರಂದು ಅಮೆರಿಕದ ನೌಕಾಪಡೆಯ ಐದು ವಿಮಾನ ಅಲ್ಲಿ ಕಾಣೆಯಾದವು. ದಾರಿ ತಪ್ಪಿದರು, ಕತ್ತಲಾಯಿತು, ಇಂಧನ ಮುಗಿಯುವ ಹೊತ್ತಾಯಿತು. ಹಡಗು, ವಿಮಾನ ಜಾಸ್ತಿ ಓಡಾಡುವ ಕಡೆ ಅಪಘಾತವೂ ಜಾಸ್ತಿ. ಹುಮನಾಬಾದ್ ರಸ್ತೆಗೆ ಯಾರಾದರೂ ತ್ರಿಕೋನ ಅಂತ ಹೆಸರಿಟ್ಟಿದ್ದಾರಾ?

ಇನ್ನು ನನ್ನ ತಲೆ ತಿನ್ನುವ ಪ್ರಶ್ನೆ. ಆಳಂದ ಕಡೆಯ ಒಬ್ಬರು ಬರೆದಿದ್ದಾರೆ: "ಸರ್, ನಾ ಸಿಂಧೂ ಲಿಪಿ ಪೂರ್ತಿ ಓದೀನಿ. ಅದು ಹಳಗನ್ನಡ ಅದ. ನೀವು ಪಂಡಿತರು ಯಾಕ್ ಒಪ್ಪಲ್ರಿ? ತಮಿಳುನಾಡಿನವರು ಇಟ್ಟ ಬಹುಮಾನ ನನಗ ಸಿಗ್ತದೇನು?"

ಸಿಂಧೂ ಲಿಪಿ ಅಂದರೆ ಹರಪ್ಪ, ಮೊಹೆಂಜೊದಾರೊದಂಥ ಹಳೆಯ ನಗರಗಳ ಮುದ್ರೆಗಳ ಮೇಲಿನ ಬರಹ, ಎಲ್ಲರೂ ಒಪ್ಪುವಂತೆ ಇನ್ನೂ ಯಾರೂ ಓದಿಲ್ಲ. ಬಹುಮಾನ ಇರುವುದು ನಿಜ. 2025ರ ಜನವರಿಯಲ್ಲಿ ಅಲ್ಲಿನ ಮುಖ್ಯಮಂತ್ರಿ ಸ್ಟಾಲಿನ್ ಅದನ್ನು ಓದಿದವರಿಗೆ ಹತ್ತು ಲಕ್ಷ ಡಾಲರ್ ಕೊಡುವುದಾಗಿ ಹೇಳಿದರು. ಅಂದಿನಿಂದ ನನ್ನ ಅಂಚೆ ದುಪ್ಪಟ್ಟಾಗಿದೆ. ಒಬ್ಬರು ಮನೆಗೇ ಬಂದರು, ಕೈಚೀಲದ ತುಂಬ ನೋಟ್‌ಬುಕ್. ಪ್ರತಿ ಮುದ್ರೆಗೂ ಅರ್ಥ ಬರೆದಿದ್ದರು, ಅಕ್ಷರ ಮುತ್ತಿನಂತೆ. ನಾನು ಎರಡು ಪುಟ ತೆಗೆದು, ಎರಡರಲ್ಲೂ ಇದ್ದ ಒಂದೇ ಚಿಹ್ನೆಯನ್ನು ತೋರಿಸಿದೆ. ಒಂದು ಕಡೆ "ಅರಸ", ಇನ್ನೊಂದು ಕಡೆ "ನೀರು" ಅಂತ ಓದಿದ್ದರು. ಯಾಕೆ ಅಂತ ಕೇಳಿದೆ. "ಅಲ್ಲಿ ನೀರು ಅಂದ್ರೇ ಅರ್ಥ ಕೂಡ್ತದ್ರಿ" ಅಂದರು. ಚಹಾ ಕುಡಿಯದೆ ಎದ್ದು ಹೋದರು.

ಗೊತ್ತಾಯಿತಲ್ವಾ? ಅರ್ಥ ಮೊದಲು ಬಂತು, ಅಕ್ಷರ ಆಮೇಲೆ. ಹೀಗೆ ಓದಿದರೆ ಆ ಮುದ್ರೆಗಳಲ್ಲಿ ಕನ್ನಡವೂ ಸಿಗುತ್ತದೆ, ಸಂಸ್ಕೃತವೂ ಸಿಗುತ್ತದೆ, ನಮ್ಮ ಸಂತೆಯ ಬೆಲೆಪಟ್ಟಿಯೂ ಸಿಗುತ್ತದೆ.

ತೊಡಕು ಎಲ್ಲಿದೆ ಅಂದರೆ, ಬರಹ ಬಹಳ ಚಿಕ್ಕದು. ಸಾವಿರಾರು ಮುದ್ರೆ, ಮಡಕೆ ಚೂರು, ತಾಮ್ರದ ತುಂಡು ಸಿಕ್ಕಿವೆ. ಆದರೆ ಒಂದೊಂದರಲ್ಲಿ ಸರಾಸರಿ ಐದು ಚಿಹ್ನೆ. ಇಪ್ಪತ್ತು ದಾಟಿದವು ಬೆರಳೆಣಿಕೆಯಷ್ಟು. ಮೂಲ ಚಿಹ್ನೆಗಳು ಸುಮಾರು ನಾನೂರು. ಲಿಪಿತಜ್ಞ ಐರಾವತಂ ಮಹಾದೇವನ್ 1977ರ ಪಟ್ಟಿಯಲ್ಲಿ 417 ಎಣಿಸಿದರು. ನಿಮ್ಮ ಮನೆಯ ಬೀರುವಿನಲ್ಲಿ ಬರೀ ವಿಸಿಟಿಂಗ್ ಕಾರ್ಡ್ ಉಳಿದಿವೆ, ಪುಸ್ತಕ ಒಂದೂ ಇಲ್ಲ ಅಂದುಕೊಳ್ಳಿ. ಅಷ್ಟರಿಂದ ಭಾಷೆ ಕಟ್ಟಬೇಕು. ಇದು ಬರಹವೇ ಅಲ್ಲ, ಬರೀ ಗುರುತುಗಳು ಅಂತ ವಾದ ಮಾಡಿದವರೂ ಇದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ, ಆದರೆ ಸುಮ್ನೆ ತಳ್ಳಿಹಾಕುವಂತೆಯೂ ಇಲ್ಲ.

ಜೊತೆಗೆ ಎರಡು ಭಾಷೆಯ ಶಾಸನ ಒಂದೂ ಸಿಕ್ಕಿಲ್ಲ. ಈಜಿಪ್ಟಿನ ಹಳೆಯ ಲಿಪಿ ಓದುವವರಿಗೆ ರೊಸೆಟ್ಟಾ ಕಲ್ಲು ಸಿಕ್ಕಿತ್ತು, ಅದೇ ಮಾತನ್ನು ಗ್ರೀಕ್‌ನಲ್ಲೂ ಬರೆದ ಕಲ್ಲು. 1799ರಲ್ಲಿ ಸಿಕ್ಕ ಕಲ್ಲಿನ ಬಲದಿಂದ 1822ರಲ್ಲಿ ಫ್ರಾನ್ಸಿನ ಶಾಂಪೋಲಿಯೋ ಬೀಗ ತೆಗೆದ. "ಗ್ರೀಸ್ ಕಡೆಯ ಹಳೆಯ ಲೀನಿಯರ್ ಬಿ ಲಿಪಿಯನ್ನು ಅಂಥ ಕಲ್ಲಿಲ್ಲದೆಯೇ ಓದಿದರಲ್ಲ" ಅಂತ ಬುದ್ಧಿವಂತರು ಕೇಳುತ್ತಾರೆ. ಹೌದು, 1952ರಲ್ಲಿ ಇಂಗ್ಲೆಂಡಿನ ವೆಂಟ್ರಿಸ್ ಓದಿದ. ಅವನ ಮುಂದೆ ಲೆಕ್ಕಪತ್ರದ ಮಣ್ಣಿನ ಹಲಗೆಗಳ ರಾಶಿಯೇ ಇತ್ತು. ಒಳಗಿದ್ದ ಭಾಷೆ ಗ್ರೀಕ್, ಅಂದರೆ ಮೊದಲೇ ಗೊತ್ತಿದ್ದ ಭಾಷೆ. ನಮಗೆ ಎರಡೂ ಇಲ್ಲ.

ಹಾಗಂತ ಏನೂ ಗೊತ್ತಿಲ್ಲ ಅಂತಲ್ಲ. ಬರಹ ಹೆಚ್ಚಾಗಿ ಬಲದಿಂದ ಎಡಕ್ಕೆ ಸಾಗುತ್ತದೆ. ಹೇಗೆ ಗೊತ್ತು? ಎಡ ತುದಿಯಲ್ಲಿ ಜಾಗ ಸಾಲದೆ ಚಿಹ್ನೆಗಳನ್ನು ಒತ್ತಿ ಬರೆದಿದ್ದಾರೆ. ನಾವು ಹಾಳೆಯ ಬಲ ಅಂಚಿನಲ್ಲಿ ಮಾಡುವ ಹಾಗೆ. ಕೊಡದಂಥ ಒಂದು ಚಿಹ್ನೆ ಎಲ್ಲಕ್ಕಿಂತ ಜಾಸ್ತಿ ಬರುತ್ತದೆ, ಅದೂ ಬಹಳ ಸಲ ಕೊನೆಯಲ್ಲಿ. ಇನ್ನು ಮೀನಿನ ಚಿಹ್ನೆ. ಮುಂಬೈಯಲ್ಲಿದ್ದ ಹೆರಾಸ್ ಎಂಬ ಪಾದ್ರಿ ಇದರ ಬಗ್ಗೆ ಒಂದು ಮಾತು ಹೇಳಿದ್ದರು. ದ್ರಾವಿಡ ಭಾಷೆಗಳಲ್ಲಿ ಮೀನ್ ಅಂದರೆ ಮೀನೂ ಹೌದು, ನಕ್ಷತ್ರವೂ ಹೌದು, ಹಾಗಾಗಿ ಮೀನು ಬಿಡಿಸಿ ನಕ್ಷತ್ರ ಅಂತ ಸೂಚಿಸಿರಬಹುದು ಅಂತ. ಕನ್ನಡದವರಿಗೆ ತಕ್ಷಣ ಮಿನುಗು ನೆನಪಾಗುತ್ತದೆ. ಫಿನ್ಲೆಂಡಿನ ವಿದ್ವಾಂಸ ಆಸ್ಕೋ ಪರ್ಪೋಲಾ ಇದನ್ನೇ ಮುಂದುವರಿಸಿದರು. ಆರು ಗೀಟು ಮತ್ತು ಮೀನು ಇದ್ದರೆ ಆರು ಮೀನು, ಅಂದರೆ ಕೃತ್ತಿಕೆ. ಏಳು ಗೀಟು ಇದ್ದರೆ ಸಪ್ತರ್ಷಿ. ಚೆಂದ ಇದೆ. ಮೊದಲ ಸಲ ಓದಿದ ದಿನ ನನಗೂ ರಾತ್ರಿ ನಿದ್ದೆ ಬರಲಿಲ್ಲ. ಆದರೆ ಇದು ಊಹೆ. ಅದನ್ನು ಹೇಳಿದವರೇ ಊಹೆ ಎನ್ನುವಾಗ ನಮ್ಮ ವಾಟ್ಸಾಪ್ ಪಂಡಿತರಿಗೆ ಮಾತ್ರ ಅದು "ಸಾಬೀತಾದ ಸತ್ಯ".

ಮತ್ತೆ ಹಳಗನ್ನಡ ಯಾಕಲ್ಲ? ಆ ಸಿಂಧೂ ನಗರಗಳ ಉಚ್ಛ್ರಾಯ ಕ್ರಿಸ್ತಪೂರ್ವ 2600ರಿಂದ 1900. ಹಲ್ಮಿಡಿ ಶಾಸನ ಕ್ರಿಸ್ತಶಕ 450ರ ಸುಮಾರು. ನಡುವೆ ಎರಡು ಸಾವಿರ ವರ್ಷಕ್ಕೂ ಜಾಸ್ತಿ. ದ್ರಾವಿಡ ಕುಲದ ಯಾವುದೋ ಹಳೆಯ ಭಾಷೆ ಇರಬಹುದು. ಆದರೆ ಮುತ್ತಜ್ಜಿಯ ಬಾಯಲ್ಲಿ ಮೊಮ್ಮಗಳ ಮಾತು ಹುಡುಕಬೇಡಿ. ಸಂಸ್ಕೃತದ ಕಡೆಯವರೇನೂ ಕಮ್ಮಿಯಿಲ್ಲ. ವೇದದ ಕುದುರೆ ಮುದ್ರೆಯಲ್ಲೂ ಇರಬೇಕು ಅಂತ, ಒಡೆದ ಮುದ್ರೆಯೊಂದರ ಮಸುಕು ಚಿತ್ರದಲ್ಲಿ ಕುದುರೆ ಕಂಡವರಿದ್ದಾರೆ. ಒಡೆಯದ ಮುದ್ರೆಗಳ ಜೊತೆ ಇಟ್ಟು ನೋಡಿದಾಗ ಅದು ಒಂದು ಕೊಂಬಿನ ಎತ್ತಿನ ಹಿಂಭಾಗ.

ನಿಜವಾದ ಓದು ಹೇಗಿರುತ್ತದೆ ಅಂತ ಹೇಳುತ್ತೇನೆ. ಅಶೋಕನ ಶಾಸನಗಳ ಬ್ರಾಹ್ಮಿ ಲಿಪಿಯನ್ನೂ ಒಂದು ಕಾಲಕ್ಕೆ ಯಾರೂ ಓದುತ್ತಿರಲಿಲ್ಲ. 1837ರಲ್ಲಿ ಪ್ರಿನ್ಸೆಪ್ ಎಂಬ ಇಂಗ್ಲಿಷ್ ಅಧಿಕಾರಿ ಸಾಂಚಿಯ ಸಣ್ಣ ಸಣ್ಣ ಬರಹ ನೋಡುವಾಗ ಎಲ್ಲವೂ ಒಂದೇ ಅಕ್ಷರಗಳಿಂದ ಮುಗಿಯುತ್ತವೆ ಅಂತ ಗಮನಿಸಿದ. ಭಕ್ತರು ಕಂಬ, ಕಲ್ಲು ಕೊಟ್ಟ ಜಾಗ ಅದು. ಹಾಗಾದರೆ ಕೊನೆಯ ಮಾತು "ದಾನಂ" ಇರಬೇಕು ಅಂದುಕೊಂಡ. ಅಲ್ಲಿ ಸಿಕ್ಕ ಅಕ್ಷರ ಬೇರೆ ಕಡೆ ಇಟ್ಟರೂ ಕೂತವು. ಅವನು ನೋಡಿರದ ಶಾಸನಗಳನ್ನೂ ಅದೇ ಕೀಲಿ ತೆರೆಯಿತು. ನೀವೂ ಹಾಗೇ ಮಾಡಿ. ನಿಮ್ಮ ನಿಯಮವನ್ನು ಒಂದು ಹಾಳೆಯಲ್ಲಿ ಬರೆಯಿರಿ. ನೀವು ನೋಡದ ಹತ್ತು ಮುದ್ರೆಯನ್ನು ಇನ್ನೊಬ್ಬರು ಅದರ ಮೇಲೆಯೇ ಓದಲಿ. ಆಮೇಲೆ ನನಗೆ ಬರೆಯಿರಿ, ನಾನೇ ಆಳಂದಕ್ಕೆ ಬರುತ್ತೇನೆ.

ಬ್ರಾಹ್ಮಿ ಲಿಪಿ ತೆರೆದುಕೊಂಡ ಮೇಲೂ "ದೇವಾನಾಂಪಿಯ" ಎಂಬ ರಾಜನ ಹೆಸರು ಶಾಸನದಲ್ಲೇ ಅಶೋಕ ಅಂತ ಕಂಡದ್ದು 1915ರಲ್ಲಿ, ನಮ್ಮ ಪಕ್ಕದ ಮಸ್ಕಿಯಲ್ಲಿ. ಅದನ್ನು ಕಂಡವನು ಚಿನ್ನ ಹುಡುಕುತ್ತಿದ್ದ ಇಂಜಿನಿಯರ್. 1986ರಲ್ಲಿ ನಮ್ಮ ಸನ್ನತಿಯಲ್ಲಿ ಕಾಳಿ ಗುಡಿಯ ಛಾವಣಿ ಕುಸಿಯಿತು. ಮೂರ್ತಿಯ ಕೆಳಗಿದ್ದ ಪೀಠ ನೋಡಿದರೆ ಅಶೋಕನ ಶಾಸನ! ಮೂರ್ತಿ ನಿಲ್ಲಿಸಲು ನಡುವೆ ತೂತು ಕೊರೆದಿದ್ದರು, ಅಲ್ಲಿದ್ದ ಅಕ್ಷರ ಹೋದವು. ಹತ್ತಿರದ ಕನಗನಹಳ್ಳಿಯಲ್ಲಿ ಆಮೇಲೆ ಅವನ ಚಿತ್ರವೇ ಸಿಕ್ಕಿತು, ಕೆಳಗೆ "ರಾಯೋ ಅಸೋಕೋ" ಎಂದು ಬರೆದಿರುವುದು. ಇದನ್ನೆಲ್ಲ ಯಾರೂ ಮುಚ್ಚಿಟ್ಟಿರಲಿಲ್ಲ. ಮಣ್ಣಿನಲ್ಲಿತ್ತು, ಅಷ್ಟೇ. ಸಿಂಧೂ ಲಿಪಿಯ ಕೀಲಿಯೂ ಹೀಗೇ ಎಲ್ಲೋ ಬಿದ್ದಿರಬಹುದು. ಮೆಸೊಪೊಟೇಮಿಯದಲ್ಲಿ "ಮೆಲುಹ್ಹ"ದ ದುಭಾಷಿಯೊಬ್ಬನ ಮುದ್ರೆ ಸಿಕ್ಕಿದೆ. ಮೆಲುಹ್ಹ ಅಂದರೆ ಸಿಂಧೂ ನಾಡು ಅಂತ ಬಹುತೇಕರ ಮಾತು. ಅವನು ಎರಡೂ ಭಾಷೆಯಲ್ಲಿ ಬರೆದ ಒಂದು ಹಲಗೆ ಸಿಕ್ಕರೆ ಸಾಕು. ನನ್ನ ಆಸೆ ಇರುವುದು ಅಲ್ಲಿ, ನೋಟ್‌ಬುಕ್‌ಗಳಲ್ಲಿ ಅಲ್ಲ.

ಪ್ರಶ್ನೆ: ಹೊಲದಲ್ಲಿ ಹಾವಿನ ಚಿತ್ರದ ಕಲ್ಲಿದೆ. ಅಂಜನ ಹಾಕಿ ನೋಡಿದವರು ಕೆಳಗೆ ನಿಧಿ ಇದೆ ಎನ್ನುತ್ತಾರೆ. ಅಗೆಯಬಹುದಾ?

ಬೇಡ. ಅಂಜನದವನಿಗೆ ಕಾಣುವುದು ನಿಮ್ಮ ಜೇಬು ಮಾತ್ರ. ನಿಜವಾಗಿ ಸಿಕ್ಕರೂ ಜಿಲ್ಲಾಧಿಕಾರಿಗೆ ತಿಳಿಸಬೇಕು, ಅದಕ್ಕೆ ಕಾಯ್ದೆ ಇದೆ. ನಿಧಿಗಾಗಿ ವಾಮಾಚಾರ ಮಾಡುವುದರ ವಿರುದ್ಧ ನಮ್ಮ ರಾಜ್ಯದಲ್ಲಿ 2017ರ ಕಾನೂನೂ ಇದೆ. ನಿಧಿಗಳ್ಳರು ಒಡೆದ ಕಲ್ಲುಗಳನ್ನು ನೋಡಿ ನೋಡಿ ನನಗೆ ಸಾಕಾಗಿದೆ.

ಪ್ರಶ್ನೆ (ಸುರಪುರ ತಾಲ್ಲೂಕಿನಿಂದ): ಹಳ್ಳದ ದಂಡೆಯಲ್ಲಿ ಅಕ್ಷರ ಇರುವ ಕಲ್ಲಿದೆ, ಏನು ಮಾಡಲಿ?

ಇಂಥ ಪ್ರಶ್ನೆ ಕಳಿಸಿ ಅಂತಲೇ ನಾನು ಕಾಯುವುದು. ಎಣ್ಣೆ, ಸುಣ್ಣ, ಬಣ್ಣ ಹಚ್ಚಬೇಡಿ. ಕಿತ್ತು ಮನೆಗೆ ತರಬೇಡಿ. ಬೆಳಿಗ್ಗೆ ಬಿಸಿಲು ಓರೆಯಾಗಿ ಬೀಳುವಾಗ ಫೋಟೊ ತೆಗೆಯಿರಿ, ಅಕ್ಷರ ಆಗ ಚೆನ್ನಾಗಿ ಕಾಣುತ್ತವೆ. ಪುರಾತತ್ವ ಇಲಾಖೆಗೂ ತಹಸೀಲ್ದಾರರಿಗೂ ಬರೆದು ತಿಳಿಸಿ, ನನಗೂ ಒಂದು ಪ್ರತಿ ಇರಲಿ. ಅವರು ಬರುವ ತನಕ ಮನೆಯವರಿಗೆ ಹೇಳಿ, ಅದರ ಮೇಲೆ ಬಟ್ಟೆ ಒಗೆಯುವುದು ಬೇಡ.