ಔಷಧಿ ಇಲ್ಲದ ಕಣ್ಣಿಗೆ ವರ್ಷ ವರ್ಷ ಸ್ಕ್ಯಾನ್ ಯಾಕೆ?

ನಿಮ್ಮ ಪ್ರಶ್ನೆ ಇಷ್ಟು, ಅಲ್ವಾ? ತಮ್ಮನಿಗೆ 24 ವರ್ಷ. ರೆಟಿನೈಟಿಸ್ ಪಿಗ್ಮೆಂಟೋಸಾ, ಅಂದರೆ ಜೀನ್ ದೋಷದಿಂದ ಕಣ್ಣಿನ ಒಳಪರದೆಯ ಕೋಶಗಳು ನಿಧಾನವಾಗಿ ಸಾಯುವ ಕಾಯಿಲೆ, ಅಂದಿದ್ದಾರೆ. ಬೋರ್ಡಿನ ಅಕ್ಷರ ಕೊನೆ ಸಾಲಿನವರೆಗೂ ಓದುತ್ತಾನೆ. ಗುಣ ಮಾಡುವ ಔಷಧಿ ಇಲ್ಲ ಎಂದ ಮೇಲೆ ವಿರಾಜಪೇಟೆಯಿಂದ ಮೈಸೂರಿಗೆ ಪ್ರತಿ ವರ್ಷ ಹೋಗಿ ಸ್ಕ್ಯಾನ್ ಮಾಡಿಸಿ ಏನು ಪ್ರಯೋಜನ?

ಮಾಡಿಸಿ. ನನಗೂ ಇದೇ ಕಾಯಿಲೆ. ಸೋಮವಾರಪೇಟೆ ಕಡೆಯವನು, ಸ್ವಲ್ಪ ಕಾಫಿ ತೋಟ, ಸ್ವಲ್ಪ ಗದ್ದೆ ಇದೆ. ಹುತ್ತರಿ ರಾತ್ರಿ ಕದಿರು ತೆಗೆಯಲು ಎಲ್ಲರೂ ಗದ್ದೆಗೆ ಇಳಿದರೆ ನಾನು ಅಣ್ಣನ ಹೆಗಲು ಹಿಡಿದು ಬದುವಿನ ಮೇಲೆ ನಡೆಯುತ್ತಿದ್ದೆ. ಬೆಳದಿಂಗಳು ಬೇರೆಯವರಿಗೆ ಸಾಕಾಗುತ್ತಿತ್ತು, ನನಗೆ ಏನೂ ಕಾಣುತ್ತಿರಲಿಲ್ಲ. ಮನೆಯಲ್ಲಿ ಇರುಳುಗಣ್ಣು ಅಂದುಕೊಂಡು ಕ್ಯಾರೆಟ್, ನುಗ್ಗೆಸೊಪ್ಪು ತಿನ್ನಿಸಿದರು. ಒಬ್ಬ ಡಾಕ್ಟರು ಬೋರ್ಡ್ ಓದಿಸಿ, 6/6 ಇದೆ, ಏನೂ ತೊಂದರೆ ಇಲ್ಲ ಅಂತ ಕಳಿಸಿಬಿಟ್ಟರು. ಸುಮ್ನೆ ಮೂರು ವರ್ಷ ಹೋಯಿತು.

ಬೋರ್ಡ್ ಪರೀಕ್ಷೆ ನಮ್ಮಂಥವರ ವಿಷಯದಲ್ಲಿ ಮೋಸ ಮಾಡುತ್ತದೆ. ಕಣ್ಣಿನ ಒಳಪರದೆಯಲ್ಲಿ, ಅಂದರೆ ರೆಟಿನಾದಲ್ಲಿ, ಸುಮಾರು 12 ಕೋಟಿ ರಾಡ್ ಕೋಶಗಳಿವೆ. ಮಂದ ಬೆಳಕಿನಲ್ಲಿ ನೋಡಲು, ಪಕ್ಕದ್ದು ಕಾಣಲು ಅವು ಬೇಕು. ಓದಲು, ಬಣ್ಣ ಗುರುತಿಸಲು ಬೇಕಾದ ಕೋನ್ ಕೋಶಗಳು ಸುಮಾರು 60 ಲಕ್ಷ, ನಟ್ಟನಡುವೆ ಒತ್ತಾಗಿರುತ್ತವೆ. ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ರಾಡ್‌ಗಳು ಮೊದಲು ಸಾಯುತ್ತವೆ. ಹಾಗಾಗಿ ನೋಟ ಅಂಚಿನಿಂದ ಒಳಕ್ಕೆ ಕುಗ್ಗುತ್ತಾ ಬಂದರೂ ಅಕ್ಷರ ಓದುವ ನಡುವಿನ ಚೂರು ತುಂಬಾ ವರ್ಷ ಹಾಗೇ ಉಳಿಯಬಹುದು.

ಆ ಕುಗ್ಗುವಿಕೆಯನ್ನು ಅಳೆಯಲು ಓಸಿಟಿ ಸ್ಕ್ಯಾನ್ ಬೇಕು. ಈ ವಿಧಾನ ಮೊದಲು ಪ್ರಕಟವಾದದ್ದು 1991ರಲ್ಲಿ. ಕಣ್ಣಿಗೆ ಬೆಳಕು ಬಿಟ್ಟು, ವಾಪಸ್ ಬರುವ ಬೆಳಕಿನಿಂದ ಪರದೆಯ ಪದರಗಳ ಚಿತ್ರ ತೆಗೆಯುತ್ತಾರೆ. ನೋವಿಲ್ಲ, ಇಂಜೆಕ್ಷನ್ ಇಲ್ಲ. ಆ ಚಿತ್ರದಲ್ಲಿ ಒಂದು ಬಿಳಿ ಗೆರೆ ಇರುತ್ತದೆ. ಎಲಿಪ್ಸಾಯ್ಡ್ ಜೋನ್ ಅನ್ನುತ್ತಾರೆ. ಬೆಳಕು ಹಿಡಿಯುವ ಕೋಶಗಳು ಚೆನ್ನಾಗಿರುವ ಕಡೆ ಗೆರೆ ಇರುತ್ತದೆ, ಅವು ಹೋದ ಕಡೆ ಅಳಿಸಿಹೋಗುತ್ತದೆ. 2016ರಲ್ಲಿ ನನ್ನ ಬಲಗಣ್ಣಿನ ಗೆರೆ 5.2 ಮಿಲಿಮೀಟರ್ ಉದ್ದ ಇತ್ತು. 2024ರಲ್ಲಿ 4.3. ಪರದೆಯ ಮೇಲಿನ 1 ಮಿಲಿಮೀಟರ್ ಅಂದರೆ ನೋಟದಲ್ಲಿ ಸುಮಾರು ಮೂರೂವರೆ ಡಿಗ್ರಿ. ಎಂಟು ವರ್ಷದಲ್ಲಿ ಮೂರು ಡಿಗ್ರಿ ಕಳೆದುಕೊಂಡಿದ್ದೇನೆ. ನನ್ನ ಕಾಯಿಲೆ ಎಷ್ಟು ಬೇಗ ಓಡುತ್ತಿದೆ ಅನ್ನುವುದು ಮೊದಲ ಸಲ ಅಂಕಿಯಲ್ಲಿ ಗೊತ್ತಾದಾಗ ನಾನು ಅತ್ತೆ. ಆಮೇಲೆ ಧೈರ್ಯ ಬಂತು. ನಾಳೆ ಬೆಳಗ್ಗೆ ಎದ್ದಾಗ ಕತ್ತಲಾಗಿರುತ್ತದೆ ಅನ್ನುವ ಭಯ ಹೋಯಿತು. ಏಣಿ ಹತ್ತಿ ಕರಿಮೆಣಸು ಕೊಯ್ಯುವುದನ್ನು ಬಿಟ್ಟೆ, ಬೈಕ್ ಮಾರಿದೆ, ಮೊಬೈಲಿನಲ್ಲಿ ಓದಿ ಹೇಳುವ ಸೌಲಭ್ಯ ಕಲಿತೆ. ಅವಸರ ಇಲ್ಲದೆ ಮಾಡಿಕೊಂಡೆ.

ನೋಟ ಎಷ್ಟು ಅಗಲಕ್ಕೆ ಇದೆ ಎಂದು ನೋಡುವ ಫೀಲ್ಡ್ ಟೆಸ್ಟ್ ಸಾಲದಾ ಅಂತ ಕೇಳಬಹುದು. ಅದೂ ಬೇಕು. ಆದರೆ ಅಲ್ಲಿ ಬೆಳಕಿನ ಚುಕ್ಕಿ ಕಂಡಾಗ ನಾವು ಬಟನ್ ಒತ್ತಬೇಕು. ಮೂರು ಗಂಟೆ ಬಸ್ಸಿನಲ್ಲಿ ಕೂತು ಸುಸ್ತಾಗಿ ಹೋದರೆ ಫಲಿತಾಂಶ ಏರುಪೇರಾಗುತ್ತದೆ. ಸ್ಕ್ಯಾನ್‌ಗೆ ನಮ್ಮ ಸುಸ್ತಿನ ಹಂಗು ಕಡಿಮೆ. ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಮಾತ್ರ ಫೀಲ್ಡ್ ಟೆಸ್ಟೇ ಮುಖ್ಯ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ನೋಟದ ವ್ಯಾಪ್ತಿ 40 ಡಿಗ್ರಿಗಿಂತ ಕಡಿಮೆ, 10 ಡಿಗ್ರಿವರೆಗೆ ಇದ್ದರೆ, ಅಕ್ಷರ ಚೆನ್ನಾಗಿ ಓದಿದರೂ ಮಂದದೃಷ್ಟಿ ಎಂದೇ ಲೆಕ್ಕ.

ಇನ್ನೊಂದು ಕಾರಣ ಇದೆ, ಇದು ನನಗೆ ದೊಡ್ಡದು. 2021ರಲ್ಲಿ ಓದುವಾಗ ಅಕ್ಷರ ಕದಡಿದ ಹಾಗಾಯಿತು. ಕಾಯಿಲೆ ನಡುವಿಗೇ ಬಂತು ಅಂದುಕೊಂಡೆ. ಸ್ಕ್ಯಾನ್‌ನಲ್ಲಿ ಕಂಡದ್ದು ಕಪ್ಪು ಗುಳ್ಳೆಗಳು. ಮ್ಯಾಕುಲಾದಲ್ಲಿ, ಅಂದರೆ ಪರದೆಯ ನಟ್ಟನಡುವಿನ ಭಾಗದಲ್ಲಿ, ನೀರು ತುಂಬಿತ್ತು. ಈ ಕಾಯಿಲೆಯವರಲ್ಲಿ ಹೀಗಾಗುವುದುಂಟು, ಇದಕ್ಕೆ ಔಷಧಿಯೂ ಇದೆ. ಡ್ರಾಪ್ಸ್ ಹಾಕಿ ಕೆಲವು ತಿಂಗಳಲ್ಲಿ ಇಳಿಯಿತು. ಎಲ್ಲರಿಗೂ ಇಷ್ಟು ಚೆನ್ನಾಗಿ ಇಳಿಯುವುದಿಲ್ಲ, ಆದರೆ ನೋಡದೇ ಬಿಟ್ಟರೆ ಗೊತ್ತಾಗುವುದಾದರೂ ಹೇಗೆ?

ಜೀನ್ ಪರೀಕ್ಷೆಯನ್ನೂ ಮಾಡಿಸಿ. ಆರ್‌ಪಿಇ65 ಅನ್ನುವ ಜೀನ್ ಕೆಟ್ಟವರಿಗೆ ಅಮೆರಿಕದಲ್ಲಿ 2017ರ ಡಿಸೆಂಬರ್‌ನಲ್ಲಿ ಒಂದು ಜೀನ್ ಚಿಕಿತ್ಸೆಗೆ ಒಪ್ಪಿಗೆ ಸಿಕ್ಕಿತು. ಆ ಒಂದು ಜೀನಿಗೆ ಮಾತ್ರ. ಅದನ್ನು ಕೊಡಲು ಪರದೆಯಲ್ಲಿ ಬದುಕಿರುವ ಕೋಶಗಳು ಸಾಕಷ್ಟು ಉಳಿದಿರಬೇಕು. ಉಳಿದಿವೆಯೇ ಎಂದು ನೋಡುವುದಕ್ಕೂ ಈ ಓಸಿಟಿ ಬೇಕು.

ಒಂದೇ ಸ್ಕ್ಯಾನ್‌ನಿಂದ ಹೆಚ್ಚೇನೂ ತಿಳಿಯುವುದಿಲ್ಲ. ಹಳೆಯದರ ಪಕ್ಕ ಹೊಸದನ್ನು ಇಟ್ಟು ನೋಡಬೇಕು. ಆದಷ್ಟು ಅದೇ ಆಸ್ಪತ್ರೆ, ಅದೇ ಮೆಷಿನ್ ಇರಲಿ. ಚಿತ್ರಗಳನ್ನು ಪೆನ್‌ಡ್ರೈವ್‌ಗೆ ಕೇಳಿ ತೆಗೆದುಕೊಳ್ಳಿ. ನಮ್ಮ ಮಳೆಗೆ ಕಾಗದ ಉಳಿಯುವುದಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ರಾತ್ರೋರಾತ್ರಿ ಮನೆ ಬಿಟ್ಟೆವು, ನನ್ನ ಫೈಲೆಲ್ಲ ನೆನೆದುಹೋಯಿತು. ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಇದ್ದದ್ದರಿಂದ 2016ರ ಅಳತೆ ಇವತ್ತಿಗೂ ಇದೆ.

ತಮ್ಮನನ್ನು ಒಬ್ಬನೇ ಕಳಿಸಬೇಡಿ. ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕಿದರೆ ನಾಲ್ಕೈದು ಗಂಟೆ ಮಂಜುಮಂಜು. ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಅವನಿಗೆ ಮೆಟ್ಟಿಲೇ ಕಾಣುವುದಿಲ್ಲ. ಜೊತೆಗೆ ಹೋದಾಗ ನಿಮ್ಮ ಕಣ್ಣನ್ನೂ ತೋರಿಸಿಕೊಂಡು ಬನ್ನಿ. ಅಪ್ಪ ಅಮ್ಮ ಇಬ್ಬರಿಗೂ ಕಾಯಿಲೆ ಇಲ್ಲದೆ, ಇಬ್ಬರಿಂದಲೂ ಕೆಟ್ಟ ಜೀನ್ ಬಂದಿದ್ದರೆ, ಒಡಹುಟ್ಟಿದವರಿಗೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ ಇರುತ್ತದೆ.